ಜೀವಕೋಶದ ತೂಬು

(ತೇನಿಯಲ್ಲಿ ಸೇರಿದ್ದ ಕನ್ನಡ ಮನೆತನಗಳ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಈ ಸಭೆಯಲ್ಲಿ ವಿಜ್ಞಾನವನ್ನು ಕುರಿತು ನಾಲ್ಕು ಮಾತು ಆಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದರು. ನಾನು ಚರಿತ್ರೆಯನ್ನೂ ಕನ್ನಡವನ್ನೂ ಓದಿದವನು. ಹುಡುಗರಿಗೂ ಅವನ್ನೇ ಹೇಳಿಕೊಡುತ್ತ ಬಂದವನು. ಈ ವಿಷಯದಲ್ಲಿ ನನಗಿಂತ ಯೋಗ್ಯರಾದವರು ಇದೇ ವೇದಿಕೆಯ ಮೇಲೆ ಇದ್ದಾರೆ. ಆದರೂ ಒಪ್ಪಿಕೊಂಡೆ. ಒಪ್ಪಿಕೊಂಡುದಕ್ಕೆ ಒಂದು ಕಾರಣವುಂಟು. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ನಮ್ಮ ವಿದ್ಯಾರ್ಥಿವೇತನ ಸಮಿತಿಯ ಮುಂದೆ ಈ ವರ್ಷ ಒಂದು ಸೂಚನೆ ಬಂದಿದೆ. ಹನ್ನೆರಡನೆಯ ತರಗತಿಯ ಮೇಲೆ ಓದುವ ಹೆಣ್ಣುಮಕ್ಕಳಿಗೆ ಕೊಡುವ ವೇತನವನ್ನು ಇನ್ನು ಮುಂದೆ ಕೂಡಲೇ ಉದ್ಯೋಗ ದೊರಕಿಸುವ ವ್ಯಾಸಂಗಗಳಿಗೆ ಮಾತ್ರ ಮೀಸಲಿಡಬೇಕು, ಬಿ.ಎಸ್‌ಸಿ., ಎಂ.ಎಸ್‌ಸಿ., ಅದರ ಮೇಲೆ ಸಂಶೋಧನೆ ಎಂದು ವರ್ಷಗಟ್ಟಲೆ ಓದುವವರಿಗೆ ಕೊಟ್ಟರೆ ಸಂಘದ ಹಣವನ್ನು ಹೊಳೆಯಲ್ಲಿ ಹುಣಿಸೇಹಣ್ಣು ತೊಳೆದಂತೆ ಕಳೆದುಕೊಳ್ಳುವೆವು ಎಂಬುದು ಸೂಚನೆಯನ್ನು ತಂದವರ ಅಭಿಪ್ರಾಯ. ಅವರು ಸದುದ್ದೇಶದಿಂದಲೇ ಆಡಿದ್ದಾರೆ. ಈ ನಿಧಿಗೆ ಬಂದ ಹಣ ಮಗ್ಗದ ಮುಂದೆ ಕುಳಿತವರ ಹಣ. ಮುಂಜಾನೆ ಜೀಪಿನಲ್ಲಿ ಬೆಟ್ಟ ಹತ್ತಿ ಏಲಕ್ಕಿ ತೋಟಕ್ಕೆ ಹೋಗಿ, ಕತ್ತಲಾದ ಮೇಲೆ ಇಳಿದು ಬರುವವರ ಹಣ. ಅದರ ಒಂದೊಂದು ರೂಪಾಯಿಗೂ ಲೆಕ್ಕ ಕೇಳುವ ಅಧಿಕಾರ ಅವರಿಗೆ ಇದೆ. ‘ಸಂಶೋಧನೆಯಿಂದ ನಮಗೇನು?’ ಎಂಬ ಪ್ರಶ್ನೆ ಅವಿವೇಕದ ಪ್ರಶ್ನೆಯಲ್ಲ. ಅದಕ್ಕೆ ಉತ್ತರವಾಗಿ ನಾನು ತತ್ತ್ವವನ್ನು ಹೇಳಹೊರಡದೆ, ಒಬ್ಬ ಮಹಿಳೆ ಮಾಡಿದ ಕೆಲಸವನ್ನು ತಮ್ಮ ಮುಂದೆ ಇಡುತ್ತೇನೆ. ತೀರ್ಮಾನ ತಮಗೆ ಬಿಟ್ಟದ್ದು.

ಅವರ ಹೆಸರು ಡಾಕ್ಟರ್ ಸಂಧ್ಯಾ ವಿಶ್ವೇಶ್ವರಯ್ಯ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಪ್ರಾಧ್ಯಾಪಕರಾಗಿ ಕೆಲಸ ಮಾಡಿದವರು. ಕಾನ್ಪುರದ ಐ.ಐ.ಟಿ.ಯಲ್ಲಿ ಎಂ.ಎಸ್‌ಸಿ. ಓದಿ, ವಿಜ್ಞಾನ ಮಂದಿರದಲ್ಲಿ ಡಾಕ್ಟರೇಟ್ ಪಡೆದರು. ಸ್ವೀಡನ್ ದೇಶದ ಆಸ್ಟ್ರಾ ಕಂಪನಿ ಬೆಂಗಳೂರಿನಲ್ಲಿ ನಡೆಸುತ್ತಿದ್ದ ಸಂಶೋಧನ ಕೇಂದ್ರದಲ್ಲಿ ಕೆಲವು ಕಾಲ ದುಡಿದು, ಆಮೇಲೆ ಮಂದಿರಕ್ಕೆ ಬಂದರು. ಅವರು ಮೂರು ದಶಕಗಳಿಗೂ ಮಿಕ್ಕಿ ಬೆನ್ನು ಹತ್ತಿದ ವಿಷಯ ಯಾವುದು ಎಂದರೆ ತಮಗೆ ನಗು ಬಂದೀತು. ಭೇದಿ! ನಮ್ಮ ಮನೆಗಳಲ್ಲಿ ನಾಲ್ಕು ಜನರ ಮುಂದೆ ಬಾಯಿ ಬಿಟ್ಟು ಹೇಳಲೂ ಸಂಕೋಚಪಡುವ ಆ ಕಾಯಿಲೆಯೇ.

ನಗುವ ವಿಷಯವಲ್ಲವೆಂದು ತಾಯಂದಿರು ಬಲ್ಲರು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಐದು ವರ್ಷದೊಳಗಿನ ನಾಲ್ಕು ಲಕ್ಷಕ್ಕೂ ಹೆಚ್ಚು ಮಕ್ಕಳು ಪ್ರತಿ ವರ್ಷವೂ ಭೇದಿಯಿಂದ ಸಾಯುತ್ತಿದ್ದಾರೆ. ಮಳೆಗಾಲದ ಮೊದಲ ನೀರು ವಾಯ್ಗೈಗೂ ಮುಲ್ಲೈಯಾರಿಗೂ ಬಂದ ಮೇಲೆ ಶಾಲೆಯ ಹಾಜರಿ ಪಟ್ಟಿಯಲ್ಲಿ ಏನಾಗುತ್ತದೆಂಬುದು ಇಲ್ಲಿರುವ ಉಪಾಧ್ಯಾಯರಿಗೆಲ್ಲ ಗೊತ್ತು. ಎರಡು ದಿನ ಬಾರದ ಹುಡುಗನನ್ನು ಕೇಳಿದರೆ ‘ಹೊಟ್ಟೆನೋವು’ ಎನ್ನುತ್ತಾನೆ. ಮುಖ ನೋಡಿದರೆ ಕಣ್ಣು ಗುಳಿಬಿದ್ದಿರುತ್ತದೆ. ‘ಒಳಗೆ ಹೋದ ನೀರೆಲ್ಲ ಹೊರಗೆ ಬರುತ್ತಿದೆ ಸ್ವಾಮಿ, ಅದಕ್ಕೇ ನೀರು ಕೊಡುವುದನ್ನೇ ನಿಲ್ಲಿಸಿದ್ದೇವೆ’ ಎಂದು ಅಜ್ಜಿಯೊಬ್ಬರು ನನಗೆ ಹೇಳಿದ್ದುಂಟು. ಕಣ್ಣಿಗೆ ಕಾಣುವುದನ್ನೇ ನಂಬುವುದಾದರೆ ಆ ಅಜ್ಜಿಯ ತರ್ಕದಲ್ಲಿ ಲೋಪವಿಲ್ಲ. ಅದು ಏಕೆ ತಪ್ಪೆಂಬುದು ತಿಳಿಯಬೇಕಾದರೆ ಕರುಳಿನ ಒಂದು ಜೀವಕೋಶದೊಳಕ್ಕೆ ಇಳಿಯಬೇಕು.

ಪೆನ್ನಿಕ್ವಿಕ್ ದೊರೆಗಳು 1895ರಲ್ಲಿ ಮುಗಿಸಿದ ಪೆರಿಯಾರು ಅಣೆಕಟ್ಟಿನ ನೀರು ಬೆಟ್ಟವನ್ನು ಕೊರೆದ ಸುರಂಗದ ಮೂಲಕ ಈ ಕಣಿವೆಗೆ ಇಳಿಯುತ್ತದೆ. ಸುಮಾರು 14,700 ಎಕರೆ ಗದ್ದೆ ಆ ನೀರನ್ನೇ ನಂಬಿದೆ. ತೂಬು ತೆರೆಯುವುದು ಯಾವಾಗ, ಎಷ್ಟು ತೆರೆಯುವುದು, ಮುಚ್ಚುವುದು ಯಾವಾಗ ಎಂಬುದಕ್ಕೆ ಇಲ್ಲಿ ಆಜ್ಞೆ ಬರಬೇಕು. ತೇಕ್ಕಡಿಯ ತೂಬನ್ನು ಮನಸ್ಸು ಬಂದವರು ಮನಸ್ಸು ಬಂದಾಗ ಎತ್ತಿದರೆ ಏನಾದೀತೆಂದು ಕಂಬಂನ ರೈತರಿಗೆ ನಾನು ವಿವರಿಸಬೇಕಾಗಿಲ್ಲ.

ನಮ್ಮ ಕರುಳೂ ಅಂಥದೇ ಒಂದು ನೀರಾವರಿ. ನಾವು ದಿನಕ್ಕೆ ಕುಡಿಯುವ ನೀರು ಎರಡು ಲೀಟರ್ ಇದ್ದೀತು. ಅದರ ಮೇಲೆ ಜೊಲ್ಲು, ಜಠರರಸ, ಪಿತ್ತ ಮೊದಲಾಗಿ ದೇಹವೇ ಸುಮಾರು ಏಳು ಲೀಟರ್ ದ್ರವವನ್ನು ಅನ್ನಮಾರ್ಗಕ್ಕೆ ಸುರಿಯುತ್ತದೆ. ಒಟ್ಟು ಒಂಬತ್ತು ಲೀಟರ್! ಇದರಲ್ಲಿ ಹೊರಗೆ ಹೋಗುವುದು ಒಂದು ಲೋಟದಷ್ಟು ಮಾತ್ರ. ಉಳಿದುದನ್ನೆಲ್ಲ ಕರುಳಿನ ಒಳಮೈಯ ಕೋಶಗಳು ಮತ್ತೆ ಹೀರಿಕೊಳ್ಳುತ್ತವೆ. ಈ ಕೋಶಗಳ ಮೈಮೇಲೆ ಲವಣಗಳು ಒಳಗೆ ಹೊರಗೆ ಓಡಾಡುವ ತೂಬುಗಳಿವೆ. ಲವಣ ಎತ್ತ ಹೋಯಿತೋ ನೀರು ಅದರ ಹಿಂದೆಯೇ ಹೋಗುತ್ತದೆ. ಆಜ್ಞೆ ಬಂದಂತೆ ತೂಬು ಏಳುತ್ತದೆ, ಇಳಿಯುತ್ತದೆ. ಹೊರಗಿನಿಂದ ಬಂದ ಆ ಆಜ್ಞೆ ಕೋಶದ ಪೊರೆಯನ್ನು ದಾಟಿ ಒಳಗಿನ ನೀರುಗಂಟಿಗೆ ಮುಟ್ಟುವ ವಿಧಾನವನ್ನೇ ವಿಜ್ಞಾನಿಗಳು ಕೋಶಸಂಕೇತವೆಂದು ಕರೆಯುತ್ತಾರೆ.

ಕಾಲರಾ ರೋಗದಲ್ಲಿ ಈ ತೂಬು ಕಿತ್ತುಹೋಗುವುದು ಅಣುಜೀವಿಯಿಂದಲ್ಲ, ಅದು ಉಗುಳುವ ವಿಷದಿಂದ ಎಂದು ಸಾಧಿಸಿದವರು ನಮ್ಮ ದೇಶದವರೇ ಆದ ಶಂಭುನಾಥ ಡೇ. ಕಲ್ಕತ್ತೆಯಲ್ಲಿ, ಇಂದಿನ ನಮ್ಮ ಕಾಲೇಜುಗಳಲ್ಲಿ ಇರುವಷ್ಟು ಸಲಕರಣೆಯೂ ಇಲ್ಲದ ದಿನಗಳಲ್ಲಿ, ಮೊಲದ ಕರುಳಿನ ಒಂದು ತುಂಡನ್ನು ದಾರದಿಂದ ಎರಡೂ ಕಡೆ ಕಟ್ಟಿ ಅದರೊಳಗೆ ಕಾಲರಾ ಅಣುಜೀವಿಗಳನ್ನು ಬಿಟ್ಟು ನೋಡಿದರು. ಆಮೇಲೆ 1959ರಲ್ಲಿ ಅಣುಜೀವಿಗಳನ್ನು ಸೋಸಿ ತೆಗೆದ ಬರಿಯ ದ್ರವವನ್ನೇ ಬಿಟ್ಟರು. ಆಗಲೂ ಕರುಳು ನೀರಿನಿಂದ ಉಬ್ಬಿತು. 1956ರಷ್ಟು ಹಿಂದೆಯೇ ಇ. ಕೋಲಿ ಎಂಬ ಮತ್ತೊಂದು ಅಣುಜೀವಿಯ ಕೆಲವು ಜಾತಿಗಳೂ ಹೀಗೆಯೇ ಮಾಡುತ್ತವೆಂದು ಅವರು ತೋರಿಸಿದ್ದರು. ಈ ಮಹನೀಯರಿಗೆ ತಮ್ಮ ದೇಶದಲ್ಲಿ ದೊರೆತ ಮನ್ನಣೆ ಅಲ್ಪ. 1978ರಲ್ಲಿ ಸ್ವೀಡನ್ನಿನವರು ನೊಬೆಲ್ ವಿಚಾರಸಂಕಿರಣಕ್ಕೆ ಕರೆಸಿಕೊಂಡಾಗಲೇ ಅನೇಕರಿಗೆ ಅವರ ಹೆಸರು ತಿಳಿದದ್ದು. 1985ರಲ್ಲಿ ತೀರಿಕೊಂಡರು. ನಮ್ಮ ಪಠ್ಯಪುಸ್ತಕಗಳಲ್ಲಿ ಕಾಕ್ ಮಹಾಶಯರ ಹೆಸರನ್ನು ಬಾಯಿಪಾಠ ಮಾಡಿಸುವ ನಾವು ಡೇ ಅವರನ್ನು ಹೇಳಿಕೊಡುವುದಿಲ್ಲ. ಇರಲಿ.

ಇ. ಕೋಲಿ ಉಗುಳುವ ವಿಷಗಳಲ್ಲಿ ಎರಡು ಬಗೆ. ಒಂದು ಕಾಯಿಸಿದರೆ ಕೆಡುತ್ತದೆ. ಅದು ಕಾಲರಾ ವಿಷದ ದಾಯಾದಿ. ಇನ್ನೊಂದು ಕುದಿಯುವ ನೀರಿಗೂ ಜಗ್ಗುವುದಿಲ್ಲ. ಬಹಳ ಚಿಕ್ಕದು, ಹದಿನೆಂಟೋ ಹತ್ತೊಂಬತ್ತೋ ಅಮೈನೋ ಆಮ್ಲಗಳನ್ನು ಪೋಣಿಸಿದ ಒಂದು ಗಿಡ್ಡ ಸರ. ಮೂರು ಕಡೆ ಗಂಧಕದ ಗಂಟು ಹಾಕಿಕೊಂಡಿರುವುದರಿಂದ ಅದಕ್ಕೆ ಆ ಗಟ್ಟಿತನ. ಕೋಶದೊಳಗೆ ಸೈಕ್ಲಿಕ್ ಜಿ.ಎಂ.ಪಿ. ಎಂಬ ಸಣ್ಣ ದೂತವಸ್ತುವನ್ನು ಇದು ಹೆಚ್ಚಿಸುತ್ತದೆ ಎಂಬುದು 1978ರಲ್ಲಿ ಗೊತ್ತಾಯಿತು. ಆದರೆ ಕೋಶದ ಮೈಮೇಲೆ ಅದು ಬಂದು ಕೂರುವುದೆಲ್ಲಿ?

ಇಲ್ಲಿ ದಿಂಡುಕಲ್ಲಿನವರು ನನಗೆ ಸಹಾಯಕ್ಕೆ ಬರಬೇಕು. ತಮ್ಮೂರಿನ ಬೀಗ ಊರೂರಿಗೆ ಹೆಸರಾದದ್ದು. 2019ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮುದ್ರೆಯೂ ಬಿತ್ತು. ಒಂದು ಬೀಗಕ್ಕೆ ಅದರ ಕೈಯೇ ಬೇಕು. ಪಕ್ಕದ ಬೀಗದ ಕೈ ತೂರಿದರೂ ತಿರುಗದು. ಜೀವಕೋಶದ ಮೈಮೇಲೂ ಹೀಗೆ ಬೀಗಗಳಿವೆ. ಅವನ್ನು ಗ್ರಾಹಕಗಳು ಎನ್ನುತ್ತಾರೆ. ಸಸಾರಜನಕದ, ಎಂದರೆ ಪ್ರೋಟೀನಿನ, ದೊಡ್ಡ ಅಣುಗಳು ಇವು. ಒಂದು ತುದಿ ಪೊರೆಯಿಂದ ಹೊರಕ್ಕೆ ಚಾಚಿರುತ್ತದೆ, ಮತ್ತೊಂದು ತುದಿ ಒಳಗೆ. ಹೊರತುದಿಗೆ ಸರಿಯಾದ ಕೀಲಿಕೈ ಬಂದು ಕೂತರೆ ಒಳತುದಿಯಲ್ಲಿ ಕೆಲಸ ಆರಂಭವಾಗುತ್ತದೆ. ನಮ್ಮ ಗಟ್ಟಿವಿಷದ ಬೀಗವನ್ನು ಅಮೆರಿಕದ ವಿಜ್ಞಾನಿಗಳು 1990ರಲ್ಲಿ ಗುರುತಿಸಿದರು. ಹೆಸರು ಗ್ವಾನಿಲಿಲ್ ಸೈಕ್ಲೇಸ್ ಸಿ. ಉದ್ದವಾದ ಹೆಸರು, ನಾನು ‘ಸಿ ಬೀಗ’ ಎನ್ನುತ್ತೇನೆ. ಇದರ ಒಳತುದಿಯೇ ಸೈಕ್ಲಿಕ್ ಜಿ.ಎಂ.ಪಿ.ಯನ್ನು ತಯಾರಿಸುವ ಕಿಣ್ವ. ಅದು ಹೆಚ್ಚಾದೊಡನೆ ಕ್ಲೋರೈಡಿನ ತೂಬು ಮೇಲೇಳುತ್ತದೆ, ಸೋಡಿಯಂ ಹೀರುವ ಒಂದು ದಾರಿ ಮುಚ್ಚುತ್ತದೆ, ನೀರು ಕರುಳಿಗೆ ನುಗ್ಗುತ್ತದೆ.

ಕಳ್ಳನಿಗಾಗಿ ಯಾರಾದರೂ ಬೀಗ ಮಾಡಿಡುತ್ತಾರೆಯೇ ಎಂಬ ಸಂದೇಹ ತಮಗೆ ಬರಬೇಕು. ವಿಜ್ಞಾನಿಗಳಿಗೂ ಬಂದಿತು. 1992ರಲ್ಲಿ ಮನೆಯವರದೇ ಆದ ಕೀಲಿಕೈ ಸಿಕ್ಕಿತು: ಗ್ವಾನಿಲಿನ್ ಎಂಬ ಹದಿನೈದು ಅಮೈನೋ ಆಮ್ಲಗಳ ಸರ, ಕರುಳೇ ತಯಾರಿಸಿಕೊಳ್ಳುವಂಥದು. ಅದು ತೂಬನ್ನು ಹದವಾಗಿ ಎತ್ತಿ, ಕರುಳಿನ ಒಳಮೈ ಒಣಗದಂತೆ ನೋಡಿಕೊಳ್ಳುತ್ತದೆ. ಅಣುಜೀವಿ ಮಾಡಿರುವುದು ಆ ಕೈಯನ್ನು ಹೋಲುವ ಕಳ್ಳಗೈ. ಅಸಲು ಕೈಗಿಂತ ಅದು ಬಿಗಿಯಾಗಿ ಕೂರುತ್ತದೆ, ಬೇಗ ಬಿಡುವುದಿಲ್ಲ.

ಡಾಕ್ಟರ್ ಸಂಧ್ಯಾ ಅವರ ಕೆಲಸ ಈ ಬೀಗದ ಸುತ್ತ ನಡೆದದ್ದು. 1990ರ ದಶಕದಲ್ಲಿ ಅವರೂ ಅವರ ಜೊತೆಯವರೂ ಮನುಷ್ಯನ ಕರುಳಿನ ಕೋಶಗಳಿಂದ ಇದನ್ನು ಬೇರ್ಪಡಿಸಿ, ಅದರ ಗುಣಗಳನ್ನು ಒಂದೊಂದಾಗಿ ಬಿಡಿಸತೊಡಗಿದರು. ಈ ಕೋಶಗಳು ಹಿಂದೆ ಯಾರದೋ ಕರುಳಿನ ಕ್ಯಾನ್ಸರ್ ಗಡ್ಡೆಯಿಂದ ತೆಗೆದು, ಗಾಜಿನ ತಟ್ಟೆಗಳಲ್ಲಿ ಬೆಳೆಸಿಕೊಂಡು ಬಂದವು. ಜಗತ್ತಿನ ಪ್ರಯೋಗಶಾಲೆಗಳೆಲ್ಲ ಒಂದರಿಂದೊಂದು ಹೆಪ್ಪು ಹಾಕಿಕೊಂಡ ಹಾಗೆ ಹಂಚಿಕೊಂಡಿವೆ. ಬೀಗದ ಹೊರತುದಿಗೆ ಸಕ್ಕರೆಯ ಎಳೆಗಳು ಅಂಟಿಕೊಂಡಿರುತ್ತವೆ. ಅವು ಏನು ಮಾಡುತ್ತವೆ? ವಿಷಕ್ಕೆ ಬಹಳ ಹೊತ್ತು ಒಡ್ಡಿದ ಕೋಶಗಳು ಕ್ರಮೇಣ ಮೊದಲಿನಷ್ಟು ಓಗೊಡುವುದಿಲ್ಲವಲ್ಲ, ಅದು ಏಕೆ? ಇಂಥ ಪ್ರಶ್ನೆಗಳು. ಎರಡನೆಯದಕ್ಕೆ ಅವರಿಗೆ ದೊರೆತ ಉತ್ತರಗಳಲ್ಲಿ ಒಂದು 2000ದಲ್ಲಿ ಪ್ರಕಟವಾಯಿತು. ಸೈಕ್ಲಿಕ್ ಜಿ.ಎಂ.ಪಿ.ಯನ್ನು ಒಡೆದು ಹಾಕುವ ಒಂದು ಕಿಣ್ವ ಕೋಶದಲ್ಲಿಯೇ ಇದೆ. ದೂತ ಅತಿಯಾದಾಗ ಅದು ಚುರುಕಾಗುತ್ತದೆ. ಎಂದರೆ ತೂಬು ಎತ್ತುವ ಆಜ್ಞೆಯೊಡನೆ ಅದನ್ನು ರದ್ದುಮಾಡುವ ವ್ಯವಸ್ಥೆಯೂ ಅಲ್ಲಿಯೇ ಇದೆ. ನಮ್ಮ ಆಡಳಿತಗಳಲ್ಲಿ ಮೊದಲನೆಯದು ಇದ್ದಷ್ಟು ಎರಡನೆಯದು ಇರುವುದಿಲ್ಲವೆಂಬುದು ಬೇರೆ ಮಾತು.

ಇವುಗಳಲ್ಲಿ ಯಾವುದೂ ಪತ್ರಿಕೆಯ ಮೊದಲ ಪುಟದಲ್ಲಿ ಬರುವ ಸುದ್ದಿಯಲ್ಲ. ವರ್ಷಗಳು ಹೀಗೆಯೇ ಉರುಳಿದವು. ವಿದ್ಯಾರ್ಥಿಗಳು ಬಂದರು, ಬೀಗದ ಒಂದು ಹಲ್ಲನ್ನು ತಿಳಿದುಕೊಂಡು ಡಾಕ್ಟರೇಟ್ ಪಡೆದು ಹೋದರು, ಮತ್ತೊಬ್ಬರು ಬಂದರು. ಆ ಕಾಲದಲ್ಲಿ ನಮ್ಮಂಥ ಒಂದು ಸಮಿತಿ ಅವರನ್ನು ಕರೆದು ‘ಇದುವರೆಗೆ ಎಷ್ಟು ಮಕ್ಕಳ ಭೇದಿ ನಿಲ್ಲಿಸಿದಿರಿ?’ ಎಂದು ಕೇಳಿದ್ದರೆ ಅವರು ಏನು ಉತ್ತರ ಕೊಡಬಹುದಿತ್ತು? ಏನೂ ಇಲ್ಲ.

ಇಷ್ಟರಲ್ಲಿ ನಾರ್ವೆ ದೇಶದಲ್ಲಿ ಒಂದು ಸಂಗತಿ ನಡೆದಿತ್ತು. ಅಲ್ಲಿ ಒಂದು ವಂಶ. ಅಜ್ಜ, ಮಗಳು, ಮೊಮ್ಮಗ ಹೀಗೆ ತಲೆಮಾರಿನಿಂದ ತಲೆಮಾರಿಗೆ ಶೈಶವದಿಂದಲೇ ಭೇದಿ. ಒಬ್ಬಿಬ್ಬರಲ್ಲ, ಮೂವತ್ತೆರಡು ಮಂದಿ. ನೀರು ಶುದ್ಧ, ಆಹಾರ ಶುದ್ಧ, ಅಣುಜೀವಿಯ ಸುಳಿವಿಲ್ಲ. ಕೆಲವರಿಗೆ ಕರುಳಿನ ಉರಿಯೂತ, ಕೆಲವರಿಗೆ ಕರುಳು ಕಟ್ಟುವ ಬಾಧೆ. ಬೆರ್ಗೆನ್ ನಗರದ ವೈದ್ಯರು ಆ ವಂಶದವರ ವಂಶವಾಹಿಗಳನ್ನು ಶೋಧಿಸುತ್ತ ಹೋದಾಗ, ರೋಗವಿರುವವರಲ್ಲೆಲ್ಲ ಒಂದೇ ಕಡೆ ಒಂದೇ ಅಕ್ಷರ ಬದಲಾಗಿರುವುದು ಕಂಡಿತು. ಯಾವ ವಸ್ತುವಿನ ವಂಶವಾಹಿ ಅದು? ನಮ್ಮ ಸಿ ಬೀಗದ್ದು. ಸರದಲ್ಲಿ 840ನೆಯ ಮಣಿಯಾಗಿ ಸೆರೀನ್ ಇರಬೇಕಾದ ಕಡೆ ಐಸೊಲ್ಯೂಸಿನ್ ಕುಳಿತಿತ್ತು.

ಕಾಗುಣಿತದ ಒಂದು ದೋಷ ಅರ್ಥವನ್ನೇ ಕೆಡಿಸಬಲ್ಲದೆಂದು ಬಲ್ಲ ಕನ್ನಡ ಮೇಷ್ಟ್ರಿಗೆ ಇದು ಅಚ್ಚರಿಯಲ್ಲ. ಆದರೆ ದೋಷ ಇದೆಯೆಂದು ಕಂಡರೆ ಸಾಲದು. ಅದರಿಂದಲೇ ರೋಗ ಬಂದಿತೆಂದು ಸಿದ್ಧಪಡಿಸಬೇಕು. ಈ ಬೀಗದ ಒಳಹೊರಗನ್ನು ಬಲ್ಲವರು ಬೇಕು. ಅವರು ಬೆಂಗಳೂರಿನಲ್ಲಿದ್ದರು. ಡಾಕ್ಟರ್ ಸಂಧ್ಯಾ ಅವರೂ ಅವರ ಶಿಷ್ಯರೂ ಆ ದೋಷವುಳ್ಳ ಬೀಗವನ್ನೇ ಬೇರೆ ಕೋಶಗಳಲ್ಲಿ ತಯಾರಿಸಿ, ಕೀಲಿಕೈ ಕೊಟ್ಟು ನೋಡಿದರು. ಸಾಧಾರಣ ಬೀಗಕ್ಕಿಂತ ಬಹು ಹೆಚ್ಚಾಗಿ ಅದು ಸೈಕ್ಲಿಕ್ ಜಿ.ಎಂ.ಪಿ.ಯನ್ನು ಸುರಿಯಿತು. ಮನೆಯವರದೇ ಕೈ ಮೆಲ್ಲನೆ ತಾಕಿದರೂ ತೂಬು ಪೂರ್ತಿ ಏಳುವಂಥ ಬೀಗ! ಎರಡು ದೇಶದವರೂ ಸೇರಿ ಬರೆದ ಆ ಪ್ರಬಂಧ 2012ರಲ್ಲಿ ವೈದ್ಯಲೋಕದ ಬಹುಮಾನ್ಯ ಪತ್ರಿಕೆಯಾದ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಅಚ್ಚಾಯಿತು.

ತಲೆಮಾರುಗಳಿಂದ ‘ನಮ್ಮ ವಂಶಕ್ಕೆ ಹೀಗೆಯೇ’ ಎಂದುಕೊಂಡು ನಾಚಿಕೆಯಿಂದ ಬದುಕಿದ್ದ ಮೂವತ್ತೆರಡು ಜನರಿಗೆ ತಮ್ಮ ರೋಗಕ್ಕೆ ಹೆಸರೂ ಕಾರಣವೂ ದೊರೆತವು. ಆ ಹೆಸರನ್ನು ಕೊಟ್ಟ ಕೈಗಳಲ್ಲಿ ಬೆಂಗಳೂರಿನ ಹುಡುಗ ಹುಡುಗಿಯರ ಕೈಗಳೂ ಇದ್ದವು. ಅದೇ ವರ್ಷ ಇಸ್ರೇಲಿನ ವಿಜ್ಞಾನಿಗಳು ಅರಬ್ಬೀ ಬೆದೂಯಿನ್ ಕುಟುಂಬಗಳಲ್ಲಿ ಇದಕ್ಕೆ ತದ್ವಿರುದ್ಧವಾದುದನ್ನು ಕಂಡರು. ಅಲ್ಲಿ ಬೀಗವೇ ಕೆಲಸ ಮಾಡದು. ಹುಟ್ಟಿದ ಕೂಸಿನ ಕರುಳು ಒಣಗಿ, ಮೊದಲ ಮಲವೇ ಹೊರಬರಲಾರದೆ ಕಟ್ಟಿಕೊಳ್ಳುತ್ತದೆ. ಅತಿಯಾದರೆ ಹೊಳೆ, ಇಲ್ಲದಿದ್ದರೆ ಬರ. ಇನ್ನೂ ಒಂದು ವಿಚಿತ್ರ ಕೇಳಿ. ಅಣುಜೀವಿಯ ಆ ಕಳ್ಳಗೈಯನ್ನೇ ಮಾದರಿಯಾಗಿಟ್ಟುಕೊಂಡು ರಸಾಯನಜ್ಞರು ಲಿನಾಕ್ಲೊಟೈಡ್ ಎಂಬ ಔಷಧವನ್ನು ಮಾಡಿದ್ದಾರೆ. ಬಹುಕಾಲದ ಮಲಬದ್ಧತೆಯಿಂದ ನರಳುವವರಿಗೆ ಕೊಡಲು ಅಮೆರಿಕದಲ್ಲಿ 2012ರಲ್ಲಿಯೇ ಅದಕ್ಕೆ ಅನುಮತಿ ದೊರೆಯಿತು. ಬಡವರ ಮಕ್ಕಳನ್ನು ಕೊಲ್ಲುವ ವಿಷದ ನಕಲು ಇನ್ನೊಬ್ಬರ ಮನೆಯಲ್ಲಿ ಗುಳಿಗೆಯಾಗಿ ಕುಳಿತಿದೆ.

ಕೆಲಸ ಅಲ್ಲಿಗೆ ನಿಲ್ಲಲಿಲ್ಲ. ನಾರ್ವೆಯವರ ದೋಷವನ್ನೇ ಇಲಿಗಳಲ್ಲಿ ಮೂಡಿಸಿ, ಅವುಗಳ ಕರುಳಿನಲ್ಲಿರುವ ಅಣುಜೀವಿಗಳ ಸಮೂಹವೇ ಬದಲಾಗುವುದನ್ನೂ ಅವು ಸುಲಭವಾಗಿ ಉರಿಯೂತಕ್ಕೆ ಗುರಿಯಾಗುವುದನ್ನೂ ಬೆಂಗಳೂರಿನವರು 2021ರಲ್ಲಿ ತೋರಿಸಿದರು. ಇದೇ ಬೀಗ ಕರುಳಿನ ಕೋಶಗಳು ಮಿತಿಮೀರಿ ಒಡೆದು ಹೆಚ್ಚದಂತೆ ಕಡಿವಾಣ ಹಾಕುತ್ತದೆ ಎಂಬುದು 2014ರ ಪ್ರಬಂಧದ ವಿಷಯ. ಆ ಕಡಿವಾಣದಲ್ಲಿ ಪಿ21 ಎಂಬ ಸಸಾರಜನಕದ ಪಾತ್ರವನ್ನು ಅದರಲ್ಲಿ ವಿವರಿಸಿದ್ದಾರೆ. ಭೇದಿಯನ್ನು ಹುಡುಕಿ ಹೊರಟವರು ಕ್ಯಾನ್ಸರಿನ ಬಾಗಿಲಲ್ಲಿ ಬಂದು ನಿಂತರು.

ಇದಲ್ಲದೆ ಕ್ಷಯದ ಅಣುಜೀವಿಯ ಕಡೆಗೂ ಅವರು ದೃಷ್ಟಿ ಹರಿಸಿದರು. 1998ರಲ್ಲಿ ಆ ಅಣುಜೀವಿಯ ವಂಶವಾಹಿಗಳ ಪೂರ್ಣಪಾಠ ಹೊರಬಿದ್ದಾಗ ಒಂದು ಸೋಜಿಗ ಕಂಡಿತ್ತು. ಸೈಕ್ಲಿಕ್ ಎ.ಎಂ.ಪಿ. ಎಂಬ ದೂತನನ್ನು ತಯಾರಿಸುವ ಕಿಣ್ವ ಇ. ಕೋಲಿಯಲ್ಲಿ ಒಂದೇ ಒಂದು. ಕ್ಷಯದ ಅಣುಜೀವಿಯಲ್ಲಿ ಹದಿನೈದರಷ್ಟು! ಇಷ್ಟೊಂದು ಅಂಚೆಯವರನ್ನು ಸಾಕಿಕೊಂಡು ಅದು ಏನು ಮಾಡುತ್ತದೆ? ಆ ದೂತನನ್ನು ಒಡೆಯುವ ಕಿಣ್ವವೊಂದನ್ನು 2005ರಲ್ಲಿಯೂ, ದೂತ ಬಂದು ಕೂತೊಡನೆ ಮತ್ತೊಂದು ಸಸಾರಜನಕಕ್ಕೆ ಗುರುತು ಹಚ್ಚುವ ವಸ್ತುವೊಂದನ್ನು, ಕ್ಷಯದ ಅಣುಜೀವಿಯ ನಿರಪಾಯಕಾರಿ ಬಂಧುವಿನಲ್ಲಿ, 2010ರಲ್ಲಿಯೂ ಅವರ ಪ್ರಯೋಗಶಾಲೆ ವರ್ಣಿಸಿತು. ಇದರಿಂದ ಯಾವ ಔಷಧವೂ ಇನ್ನೂ ಬಂದಿಲ್ಲ. ಕ್ಷಯ ಎಂಥದೆಂದು ನೇಕಾರರ ಬೀದಿಗಳಲ್ಲಿ ಕೇಳಿದರೆ ಗೊತ್ತಾಗುತ್ತದೆ. ಆದುದರಿಂದ ಅದರ ಗುಟ್ಟನ್ನು ಯಾರಾದರೂ ಬಿಡಿಸುತ್ತಿದ್ದಾರೆಂಬುದೇ ನನಗೆ ಸಮಾಧಾನ.

ಅಜ್ಜಿಯ ಪ್ರಶ್ನೆಗೆ ಹಿಂದಿರುಗೋಣ. ನೀರೆಲ್ಲ ಹೊರಗೆ ಬರುತ್ತಿರುವಾಗ ನೀರು ಕೊಡುವುದೇಕೆ? ವಿಷ ಕೆಲವು ದಾರಿಗಳನ್ನು ಕೆಡಿಸುತ್ತದೆ, ನಿಜ. ಆದರೆ ಕರುಳಿನ ಕೋಶದಲ್ಲಿ ಗ್ಲೂಕೋಸನ್ನೂ ಸೋಡಿಯಂ ಅನ್ನೂ ಜೋಡಿಯಾಗಿ ಒಳಕ್ಕೆ ಕರೆದುಕೊಳ್ಳುವ ಇನ್ನೊಂದು ದಾರಿಯಿದೆ. 1960ರಲ್ಲಿ ರಾಬರ್ಟ್ ಕ್ರೇನ್ ಎಂಬ ಅಮೆರಿಕದ ವಿಜ್ಞಾನಿ ಇದನ್ನು ಸೂಚಿಸಿದರು. ಕಳ್ಳಗೈ ಈ ಬಾಗಿಲನ್ನು ಮುಟ್ಟುವುದಿಲ್ಲ. ಬರಿಯ ನೀರು ಕೊಟ್ಟರೆ ಸಾಲದು, ಬರಿಯ ಉಪ್ಪುನೀರೂ ಸಾಲದು. ಸಕ್ಕರೆಯನ್ನೂ ಉಪ್ಪನ್ನೂ ಹದವಾಗಿ ಸೇರಿಸಿ ಕೊಟ್ಟರೆ ಅವೆರಡೂ ಕೈಕೈ ಹಿಡಿದು ಒಳಹೋಗುತ್ತವೆ, ನೀರು ಅವುಗಳ ಹಿಂದೆ ನಡೆಯುತ್ತದೆ. ಭೇದಿ ಕೂಡಲೇ ನಿಲ್ಲದಿದ್ದರೂ ಮಗು ಒಣಗುವುದಿಲ್ಲ. 1971ರ ಬಾಂಗ್ಲಾ ಯುದ್ಧದ ಕಾಲದಲ್ಲಿ ಬನಗಾಂವದ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ರಕ್ತನಾಳಕ್ಕೆ ಏರಿಸುವ ದ್ರವ ತೀರಿಹೋದಾಗ, ಡಾಕ್ಟರ್ ದಿಲೀಪ್ ಮಹಲನಬಿಸ್ ಎಂಬವರು ಪೀಪಾಯಿಗಳಲ್ಲಿ ಈ ದ್ರಾವಣವನ್ನು ಕಲಸಿಟ್ಟು, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ಮೂರು ನಾಲ್ಕಕ್ಕೆ ಇಳಿಯಿತು. ಅವರು 2022ರಲ್ಲಿ ತೀರಿಕೊಂಡರು; ಪದ್ಮವಿಭೂಷಣ ಬಂದದ್ದು ಮರುವರ್ಷ.

ಕ್ರೇನ್ ಅವರು ಕರುಳಿನ ಸಕ್ಕರೆಯನ್ನು ಕುರಿತು ಯೋಚಿಸುತ್ತಿದ್ದಾಗ ಬನಗಾಂವದ ಮಕ್ಕಳು ಇನ್ನೂ ಹುಟ್ಟಿರಲಿಲ್ಲ. ಸೂಚನೆಯನ್ನು ತಂದಿರುವ ಮಿತ್ರರು ಈ ಒಂದು ಸಂಗತಿಯನ್ನು ದಯಮಾಡಿ ಮನಸ್ಸಿಗೆ ತೆಗೆದುಕೊಳ್ಳಬೇಕು.

ಹೆಣ್ಣುಮಕ್ಕಳ ಮಾತು. ಇದೇ ವಿಜ್ಞಾನ ಮಂದಿರಕ್ಕೆ ಮೈಸೂರಿನ ಅರಸರು ಸುಮಾರು 371 ಎಕರೆ ನೆಲ ಕೊಟ್ಟರು. 1909ರಲ್ಲಿ ಅದು ಸ್ಥಾಪನೆಯಾಯಿತು. 1933ರಲ್ಲಿ ಕಮಲಾ ಭಾಗವತ್ ಎಂಬ ತರುಣಿ, ಮುಂದೆ ಕಮಲಾ ಸೊಹೋನಿ ಎಂದು ಹೆಸರಾದವರು, ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆ ಹೊಂದಿ ಅಲ್ಲಿಗೆ ಅರ್ಜಿ ಹಾಕಿದಾಗ, ನಿರ್ದೇಶಕರಾಗಿದ್ದ ಸರ್ ಸಿ. ವಿ. ರಾಮನ್ ಅವರು ಹೆಣ್ಣೆಂಬ ಕಾರಣಕ್ಕೆ ನಿರಾಕರಿಸಿದರು. ಆಕೆ ಪಟ್ಟು ಬಿಡಲಿಲ್ಲ. ಷರತ್ತುಗಳ ಮೇಲೆ ಸೇರಿಸಿಕೊಂಡರು. ಆಕೆಯ ಕೆಲಸ ನೋಡಿದ ಮೇಲೆ ಇತರ ಹೆಣ್ಣುಮಕ್ಕಳಿಗೂ ಬಾಗಿಲು ತೆರೆಯಿತು. ಅಂಥ ಮಂದಿರದಲ್ಲಿ ಮುಂದೆ ಒಬ್ಬ ಮಹಿಳೆ ವಿಭಾಗದ ಮುಖ್ಯಸ್ಥೆಯಾಗಿ ಕುಳಿತು ನಾರ್ವೆಯವರ ರೋಗಕ್ಕೆ ಉತ್ತರ ಹೇಳಿದರು. ನಡುವೆ ಎಂಬತ್ತು ವರ್ಷವೂ ಆಗಿರಲಿಲ್ಲ. ಚರಿತ್ರೆಯ ಉಪಾಧ್ಯಾಯನಿಗೆ ಇದು ದೊಡ್ಡ ಅವಧಿಯಲ್ಲ.

ನಮ್ಮ ಹುಡುಗಿಯರ ಅಡಚಣೆ ಇನ್ನೊಂದು ಬಗೆಯದು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಕಾಲೇಜಿನಲ್ಲಿ ಇಂಗ್ಲಿಷು. ಮೂರು ಹೊಸ್ತಿಲು ದಾಟಿ ಬರುವ ಹೊತ್ತಿಗೆ ಅವರು ದಣಿದಿರುತ್ತಾರೆ. ಆಗ ಊರಿನ ಹಿರಿಯರು ‘ಸಾಕಮ್ಮ’ ಎನ್ನುತ್ತಾರೆ. ಆದರೆ ಮಾತಿನಿಂದ ಮಾತಿಗೆ ಅರ್ಥವನ್ನು ಸಾಗಿಸುವ ಅಭ್ಯಾಸ ಅವರಿಗೆ ಹುಟ್ಟಿನಿಂದ ಬಂದಿದೆ. ನನ್ನ ತರಗತಿಯಲ್ಲಿ ‘ಗ್ರಾಹಕ’ ಎಂದರೆ ಅಂಗಡಿಗೆ ಬಂದ ಗಿರಾಕಿಯೇ ಎಂದು ಕೇಳಿದ ಹುಡುಗಿ, ಬೀಗದ ಉಪಮಾನ ಹೇಳಿದ ಮೇಲೆ, ‘ಹಾಗಾದರೆ ಬೀಗವನ್ನೇ ಬದಲಾಯಿಸಲು ಬಾರದೆ ಮೇಷ್ಟ್ರೇ?’ ಎಂದಳು. ಇಂದು ಪ್ರಯೋಗಶಾಲೆಗಳಲ್ಲಿ ಕೇಳುತ್ತಿರುವ ಪ್ರಶ್ನೆಯೂ ಸುಮಾರಾಗಿ ಅದೇ. ಆ ಹುಡುಗಿ ಈ ವರ್ಷ ಹನ್ನೆರಡನೆಯ ತರಗತಿಯಲ್ಲಿದ್ದಾಳೆ. ಅವಳ ಅರ್ಜಿ ಸಮಿತಿಯ ಮುಂದೆ ಬರುವುದಿದೆ.

ನನ್ನ ಪ್ರಾರ್ಥನೆ ಇಷ್ಟೆ: ಸೂಚನೆಯನ್ನು ಪೂರ್ತಿ ತಳ್ಳಿಹಾಕಬೇಕೆಂದು ನಾನು ಹೇಳುವುದಿಲ್ಲ. ದಾದಿಯರ ತರಬೇತಿಗೆ, ಉಪಾಧ್ಯಾಯಿನಿಯರ ತರಬೇತಿಗೆ ಹೋಗುವವರೇ ಹೆಚ್ಚು. ಅವರಿಗೆ ಮೊದಲ ಪಾಲು ಸಲ್ಲಲಿ. ಆದರೆ ವರ್ಷಕ್ಕೆ ಎರಡು ವೇತನಗಳನ್ನಾದರೂ ವಿಜ್ಞಾನವನ್ನು ಕೊನೆಯವರೆಗೆ ಓದಬಯಸುವ ಹೆಣ್ಣುಮಕ್ಕಳಿಗೆಂದು ಪ್ರತ್ಯೇಕಿಸಿ, ಎಂ.ಎಸ್‌ಸಿ. ಮುಗಿಯುವವರೆಗೆ ಐದು ವರ್ಷವೂ ನಡೆಸಬೇಕು. ನಡುವೆ ನಿಲ್ಲಿಸಬಾರದು. ನಿಧಿಯಲ್ಲಿ ಅಷ್ಟು ಹಣವಿಲ್ಲವೆಂದಾದರೆ ಈ ವರ್ಷದ ವಾರ್ಷಿಕೋತ್ಸವದ ಚಪ್ಪರವನ್ನು ಚಿಕ್ಕದಾಗಿ ಹಾಕಿಸಬಹುದು.

ಊಟಕ್ಕೆ ಏಳುವ ಮೊದಲು ಇನ್ನೊಂದು ಕೆಲಸವುಂಟು. ಹಿಂದಿನ ಜಗಲಿಯಲ್ಲಿ ಕುದಿಸಿ ಆರಿಸಿದ ನೀರಿನ ಕೊಡ ಇಟ್ಟಿದ್ದೇವೆ. ನಮ್ಮ ಆರೋಗ್ಯ ಶಿಕ್ಷಕಿಯವರು ದ್ರಾವಣವನ್ನು ಕಲಸುವ ಕ್ರಮವನ್ನು ತೋರಿಸಿಕೊಡುತ್ತಾರೆ. ಅಂಗಡಿಯ ಒ.ಆರ್.ಎಸ್. ಪೊಟ್ಟಣ ಸಿಕ್ಕಿದರೆ ಅದೇ ಉತ್ತಮ. ಪೊಟ್ಟಣದ ಮೇಲೆ ಎಷ್ಟು ನೀರೆಂದು ಬರೆದಿದೆಯೋ ಅಷ್ಟೇ ನೀರು, ಹೆಚ್ಚೂ ಅಲ್ಲ ಕಡಮೆಯೂ ಅಲ್ಲ. ಸಿಕ್ಕದಿದ್ದರೆ ಒಂದು ಲೀಟರ್ ನೀರಿಗೆ ಟೀ ಚಮಚದಿಂದ ತಲೆಸಮ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಬಾಯಿಗೆ ಹಾಕಿ ನೋಡಿದರೆ ಕಣ್ಣೀರಿಗಿಂತ ಹೆಚ್ಚು ಉಪ್ಪಾಗಿರಬಾರದು. ಮಗು ವಾಂತಿ ಮಾಡಿದರೆ ಹತ್ತು ನಿಮಿಷ ತಡೆದು ಮತ್ತೆ ಚಮಚ ಚಮಚವಾಗಿ ಕೊಡಬೇಕು. ಎದೆಹಾಲನ್ನೂ ಗಂಜಿಯನ್ನೂ ನಿಲ್ಲಿಸಬಾರದು. ಜಿಂಕ್ ಗುಳಿಗೆಯನ್ನು ವೈದ್ಯರು ಹೇಳಿದಂತೆ ಹತ್ತರಿಂದ ಹದಿನಾಲ್ಕು ದಿನ ಕೊಡಬೇಕು. ಮಲದಲ್ಲಿ ರಕ್ತ ಕಂಡರೆ, ಮಗು ಮಂಕಾಗಿ ಮಲಗಿದರೆ, ಕುಡಿಯಲಾರದೆ ಹೋದರೆ ಕಾಯಬೇಡಿ. ಆಸ್ಪತ್ರೆಗೆ ಎತ್ತಿಕೊಂಡು ಹೋಗಿ. ತಾಯಂದಿರ ಜೊತೆಗೆ ಅಜ್ಜಿಯರೂ ಬಂದು ನೋಡಬೇಕೆಂದು ವಿಶೇಷವಾಗಿ ಬೇಡಿಕೊಳ್ಳುತ್ತೇನೆ. ಪ್ರತಿ ಮನೆಗೂ ಅಳತೆಯ ಚಮಚ ಒಂದೊಂದು ಇದೆ; ಹೆಸರು ಬರೆಸಿ ತೆಗೆದುಕೊಂಡು ಹೋಗಬಹುದು.